ಹೊಸ ಸ್ಟುಡಿಯೋ ಲೈಟು ಫೈರ್ ಆಗುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಎರಡು ಫ್ಲ್ಯಾಶ್ ಲೈಟು, ಬೆಳಕನ್ನು ಮೃದುಗೊಳಿಸುವ ಎರಡು ಸಾಫ್ಟ್‌ಬಾಕ್ಸು, ಎರಡು ಸ್ಟ್ಯಾಂಡು, ಕ್ಯಾಮೆರಾ ಮೇಲೆ ಕೂತು ಲೈಟಿಗೆ ರೇಡಿಯೋ ಸಂಜ್ಞೆ ಕಳಿಸುವ ಒಂದು ಟ್ರಿಗರ್. ಪಾಸ್‌ಪೋರ್ಟ್ ಫೋಟೋ ಅಂಗಡಿ ಹಾಕುವವರಿರಲಿ, ಮನೆಯ ಹತ್ತು ಬೈ ಹನ್ನೆರಡರ ಕೋಣೆಯಲ್ಲಿ ಸೀರೆ, ಆಭರಣದ ಫೋಟೋ ತೆಗೆಯಲು ಹೊರಟವರಿರಲಿ, ಶುರು ಮಾಡುವುದು ಹೆಚ್ಚುಕಡಿಮೆ ಇಷ್ಟರಿಂದಲೇ. ಎಲ್ಲ ಜೋಡಿಸಿ ಕ್ಲಿಕ್ ಮಾಡಿದರೆ ಲೈಟು ಮಿಂಚುವುದಿಲ್ಲ. ಅಥವಾ ಮಿಂಚುತ್ತದೆ, ಫೋಟೋ ಮಾತ್ರ ಕಪ್ಪಗೆ ಬರುತ್ತದೆ. ಆಗ ಬಹಳಷ್ಟು ಮಂದಿ ಕೈಗೆ ಸಿಕ್ಕ ಬಟನ್ನುಗಳನ್ನೆಲ್ಲ ಒತ್ತಲು ಶುರು ಮಾಡುತ್ತಾರೆ. ಚಾನೆಲ್ ಬದಲಾಯಿಸಿ, ಬ್ಯಾಟರಿ ತೆಗೆದು ಹಾಕಿ, ಕ್ಯಾಮೆರಾ ರೀಸೆಟ್ ಮಾಡಿ, ಕೊನೆಗೆ ಹೇಗೋ ಲೈಟು ಹೊಡೆದರೂ ಯಾವುದರಿಂದ ಸರಿಹೋಯಿತು ಎಂಬುದು ಗೊತ್ತಾಗುವುದಿಲ್ಲ. ಮಾರನೇ ದಿನ ಗಿರಾಕಿ ಎದುರಿಗೆ ಅದೇ ತೊಂದರೆ ಮತ್ತೆ ಬರುತ್ತದೆ.

ಹೊಸ ಸೆಟ್ಟಿನಲ್ಲಿ ಲೈಟೇ ಕೆಟ್ಟಿರುವುದಕ್ಕಿಂತ, ಒಂದಕ್ಕೊಂದು ಸೇರುವ ಜಾಗದಲ್ಲಿ ಎಡವಟ್ಟಾಗಿರುವ ಸಾಧ್ಯತೆಯೇ ಹೆಚ್ಚು. ಅಂಥ ಜಾಗಗಳು ಮೂರು: ಗೋಡೆಯ ಸಾಕೆಟ್ಟಿನಿಂದ ಲೈಟಿಗೆ, ಟ್ರಿಗರ್‌ನಿಂದ ಲೈಟಿಗೆ, ಕ್ಯಾಮೆರಾದಿಂದ ಟ್ರಿಗರ್‌ಗೆ. ಈ ಮೂರರಲ್ಲಿ ಎಲ್ಲಿ ಕಡಿದಿದೆ ಎಂದು ಮೊದಲು ತಿಳಿದುಕೊಳ್ಳಿ. ಅದಾಗುವವರೆಗೆ ಯಾವ ಮೆನುವಿಗೂ ಕೈ ಹಾಕಬೇಡಿ.

ಮೂರು ಬಟನ್ನಿನ ಪರೀಕ್ಷೆ

ಒಂದೇ ಲೈಟು ಇಟ್ಟುಕೊಳ್ಳಿ, ಇನ್ನೊಂದರ ಪ್ಲಗ್ಗು ಕಿತ್ತುಬಿಡಿ. ಸಾಫ್ಟ್‌ಬಾಕ್ಸ್ ತೆಗೆದಿಡಿ. ಪವರ್ 1/8ಕ್ಕೆ ಇಳಿಸಿ. ಬೇರೆ ಫ್ಲ್ಯಾಶಿನ ಬೆಳಕು ಕಂಡು ತಾನೂ ಹೊಡೆಯುವ ಲೈಟಿನ ಸ್ಲೇವ್ ಮೋಡು, ಅಂದರೆ ಎಸ್1, ಎಸ್2 ಎಂದು ಬರುವುದನ್ನು ಆಫ್ ಮಾಡಿ. ಬರಿಗಣ್ಣಿನಿಂದ ಲೈಟಿನ ಮುಂದಿರುವ ಫ್ಲ್ಯಾಶ್ ಟ್ಯೂಬನ್ನೇ ದಿಟ್ಟಿಸಬೇಡಿ, ಲೈಟನ್ನು ಗೋಡೆಯ ಕಡೆಗೆ ತಿರುಗಿಸಿಟ್ಟುಕೊಳ್ಳಿ.

ಈಗ ಲೈಟಿನ ಹಿಂಬದಿಯಲ್ಲೇ ಇರುವ ಟೆಸ್ಟ್ ಬಟನ್ ಒತ್ತಿ. ಮಿಂಚಿತೇ? ಹಾಗಿದ್ದರೆ ಕರೆಂಟು, ಫ್ಯೂಸು, ಟ್ಯೂಬು ಮೂರೂ ಸರಿ ಇವೆ. ಮುಂದೆ ಟ್ರಿಗರನ್ನು ಕ್ಯಾಮೆರಾಕ್ಕೆ ಹಾಕದೆ ಕೈಯಲ್ಲೇ ಹಿಡಿದು, ಲೈಟಿನಿಂದ ಎರಡು ಮೀಟರ್ ದೂರ ನಿಂತು ಅದರ ಟೆಸ್ಟ್ ಬಟನ್ ಒತ್ತಿ. ಇದಕ್ಕೂ ಮಿಂಚಿದರೆ ರೇಡಿಯೋ ಸಂಪರ್ಕ ಸರಿ ಇದೆ ಎಂದರ್ಥ. ಕೊನೆಗೆ ಟ್ರಿಗರನ್ನು ಕ್ಯಾಮೆರಾದ ಹಾಟ್ ಶೂಗೆ, ಅಂದರೆ ನೆತ್ತಿಯ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗಕ್ಕೆ, ಹಾಕಿ ಷಟರ್ ಒತ್ತಿ.

ಯಾವ ಬಟನ್ನಿಗೆ ಮೊದಲ ಬಾರಿ ಲೈಟು ಸುಮ್ಮನಾಯಿತೋ ದೋಷ ಅಲ್ಲೇ ಇದೆ. ಕೆಳಗೆ ಅದಕ್ಕೆ ಸಂಬಂಧಿಸಿದ ಭಾಗವನ್ನಷ್ಟೇ ಓದಿದರೂ ಸಾಕು.

ಲೈಟಿನ ಟೆಸ್ಟ್ ಬಟನ್ನಿಗೇ ಮಿಂಚದಿದ್ದರೆ

ಮೊದಲು ನೋಡಬೇಕಾದ್ದು ಪ್ಲಗ್ಗು. ಕೆಲವು ಲೈಟಿನ ಜೊತೆ ಬರುವ ಪಿನ್ನು ನಮ್ಮ ಸಾಕೆಟ್ಟಿಗೆ ಹೊಂದುವುದಿಲ್ಲ. ಅದಕ್ಕೊಂದು ಕನ್ವರ್ಟರ್ ಸಿಕ್ಕಿಸಿ, ಆ ಕನ್ವರ್ಟರನ್ನು ಸಡಿಲವಾದ ಜಂಕ್ಷನ್ ಬಾಕ್ಸಿಗೆ ಸಿಕ್ಕಿಸಿರುತ್ತಾರೆ. ಫ್ಲ್ಯಾಶ್ ಪ್ರತಿ ಸಲ ಚಾರ್ಜ್ ಆಗುವಾಗ ಕರೆಂಟನ್ನು ಒಮ್ಮೆಲೇ ಎಳೆಯುತ್ತದೆ. ಫ್ಯಾನು, ಟ್ಯೂಬ್‌ಲೈಟು ತಡೆದುಕೊಳ್ಳುವ ಸಡಿಲ ಪಿನ್ನು ಈ ಎಳೆತಕ್ಕೆ ಚಟಪಟ ಎನ್ನುತ್ತದೆ, ಬಿಸಿಯಾಗುತ್ತದೆ. ಕನ್ವರ್ಟರ್ ಬಿಸಾಡಿ ಐಎಸ್‌ಐ ಗುರುತಿನ ಮೂರು ಪಿನ್ನಿನ ವೈರು ಕೊಂಡುಕೊಳ್ಳಿ. ಕಂಪ್ಯೂಟರ್‌ಗೆ ಹಾಕುವ ಪವರ್ ಕಾರ್ಡೇ ಹಲವು ಲೈಟುಗಳಿಗೆ ಹೊಂದುತ್ತದೆ.

ಮೂರನೇ ಪಿನ್ನು ಸುಮ್ಮನೆ ಕೊಟ್ಟದ್ದಲ್ಲ. ಲೈಟಿನ ಮೈಗೋ ಸ್ಟ್ಯಾಂಡಿಗೋ ಕೈ ತಾಗಿದಾಗ ಜುಮ್ಮೆಂದರೆ ಅರ್ಥಿಂಗ್ ಇಲ್ಲ ಅಥವಾ ಒಳಗೆಲ್ಲೋ ಕರೆಂಟು ಸೋರುತ್ತಿದೆ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ಟಿದ್ದರೂ ಅರ್ಥ್ ವೈರೇ ಎಳೆದಿರುವುದಿಲ್ಲ. ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡಿ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಸಾಕೆಟ್ಟಿನಲ್ಲಿ ಶೂಟ್ ಬೇಡ.

ಸಾಕೆಟ್ಟಿನಲ್ಲಿ ಕರೆಂಟಿದ್ದೂ ಲೈಟಿನ ಡಿಸ್‌ಪ್ಲೇ ಹತ್ತದಿದ್ದರೆ ಫ್ಯೂಸ್ ನೋಡಿ. ಪವರ್ ಕಾರ್ಡ್ ಸೇರುವ ಕಡೆಯಲ್ಲೇ ಸಣ್ಣ ಡ್ರಾಯರಿನಂಥದ್ದೋ ತಿರುಗಿಸಿ ಬಿಚ್ಚುವ ಮುಚ್ಚಳವೋ ಇರುತ್ತದೆ. ಕಾರ್ಡ್ ಕಿತ್ತ ಮೇಲೆ ಉಗುರಿನಿಂದ ಎಳೆದರೆ ಗಾಜಿನ ಫ್ಯೂಸು ಹೊರಗೆ ಬರುತ್ತದೆ. ಬೆಳಕಿಗೆ ಹಿಡಿದಾಗ ಒಳಗಿನ ತಂತಿ ಕಡಿದಿದ್ದರೆ, ಗಾಜು ಕಪ್ಪಾಗಿದ್ದರೆ ಹೋಗಿದೆ ಎಂದರ್ಥ. ಅಷ್ಟೇ ಆಂಪಿಯರಿನದ್ದನ್ನೇ ಹಾಕಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಊರುಗಳಲ್ಲಾದರೆ ಯಾವುದೇ ರೇಡಿಯೋ ರಿಪೇರಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಸಾಮಾನು ಅದು. ತಾಮ್ರದ ತಂತಿ ಸುತ್ತಿ ಕೆಲಸ ಸಾಗಿಸುವ ಜಾಣತನ ಇಲ್ಲಿ ಬೇಡ. ಹೊಸ ಫ್ಯೂಸು ಹಾಕಿದ ಕ್ಷಣವೇ ಸುಟ್ಟರೆ ದೋಷ ಒಳಗಿದೆ, ವಾರಂಟಿಗೆ ಕಳಿಸಿ.

ಡಿಸ್‌ಪ್ಲೇ ಹತ್ತಿದೆ, ಬೀಪ್ ಕೂಡ ಬರುತ್ತದೆ, ಆದರೂ ಮಿಂಚುವುದಿಲ್ಲ ಎಂದಾದರೆ ಎರಡು ಕಡೆ ನೋಡಬೇಕು. ಒಂದು, ಟ್ಯೂಬಿನ ಮೇಲಿನ ಪ್ಲಾಸ್ಟಿಕ್ ರಕ್ಷಾಕವಚ. ಸಾಗಾಣಿಕೆಯಲ್ಲಿ ಟ್ಯೂಬು ಒಡೆಯದಿರಲಿ ಎಂದು ಹಾಕಿದ ಕಪ್ಪು ಟೋಪಿಯನ್ನು ತೆಗೆಯದೇ ಲೈಟು ಹಾಕಿದರೆ ಬೆಳಕು ಹೊರಗೆ ಬರುವುದಿಲ್ಲ, ಪಕ್ಕದಲ್ಲೇ ಸದಾ ಉರಿಯುವ ಮಾಡಲಿಂಗ್ ಲ್ಯಾಂಪಿನ ಬಿಸಿಗೆ ಪ್ಲಾಸ್ಟಿಕ್ ಕರಗಲೂಬಹುದು. ಎರಡು, ಟ್ಯೂಬು ಕೊರಿಯರ್ ಗಾಡಿಯ ಕುಲುಕಾಟಕ್ಕೆ ಪಿನ್ನಿನಿಂದ ಸಡಿಲವಾಗಿರುವುದು. ಟ್ಯೂಬು ಬಿಚ್ಚಿ ಹಾಕುವಂಥ ಮಾಡೆಲ್ ಆಗಿದ್ದರೆ ಮಾತ್ರ, ಪ್ಲಗ್ಗು ಕಿತ್ತು ಕನಿಷ್ಠ ಅರ್ಧ ಗಂಟೆ ಬಿಟ್ಟು, ಒಣಗಿದ ಶುಭ್ರ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಒತ್ತಿ ಕೂರಿಸಿ. ಬರಿಗೈ ತಾಗಿಸಬೇಡಿ. ಬೆರಳಿನ ಜಿಡ್ಡು ಗಾಜಿನ ಮೇಲೆ ಉಳಿದರೆ ಆ ಜಾಗ ಮಾತ್ರ ಹೆಚ್ಚು ಕಾದು ಟ್ಯೂಬಿನ ಆಯಸ್ಸು ಕಡಿಮೆಯಾಗುತ್ತದೆ.

ಫ್ಲ್ಯಾಶ್ ಹೊಡೆಯುತ್ತದೆ, ಮಾಡಲಿಂಗ್ ಲ್ಯಾಂಪು ಮಾತ್ರ ಉರಿಯುವುದಿಲ್ಲ ಎಂದರೆ ಗಾಬರಿ ಬೇಡ. ಅದು ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಿಕೊಳ್ಳಲು ಇಟ್ಟ ಬೇರೆಯದೇ ಬಲ್ಬು. ತಿರುಗಿಸಿ ಬಿಗಿ ಮಾಡಿ. ಕೆಲವು ಲೈಟುಗಳಲ್ಲಿ ಚಾರ್ಜ್ ಆಗುವವರೆಗೆ ಅದು ಆರಿ, ರೆಡಿ ಆದ ಮೇಲೆ ಹತ್ತುತ್ತದೆ. ಅದು ದೋಷವಲ್ಲ, ಸೌಲಭ್ಯ.

ಕರೆಂಟು ಹೋದಾಗ ಮನೆಯ ಇನ್‌ವರ್ಟರಿನ ಮೇಲೆ ಶೂಟ್ ಮುಂದುವರಿಸುವ ಆಸೆ ಬರುವುದು ಸಹಜ. ಸ್ಕ್ವೇರ್ ವೇವ್ ಇನ್‌ವರ್ಟರ್ ಆಗಿದ್ದರೆ ಖಂಡಿತ ಬೇಡ. ಸೈನ್ ವೇವ್ ಆಗಿದ್ದರೂ ಮಾಡಲಿಂಗ್ ಲ್ಯಾಂಪು ಆರಿಸಿ, ಪವರ್ ತಗ್ಗಿಸಿ, ಲೈಟಿನ ಕೈಪಿಡಿಯಲ್ಲಿ ಅನುಮತಿ ಇದೆಯೇ ನೋಡಿಕೊಂಡು ಬಳಸಿ. ಮದುವೆ ಮಂಟಪದ ಜನರೇಟರಿಗೂ ಇದೇ ಎಚ್ಚರ.

ಟ್ರಿಗರ್ ಬಟನ್ನಿಗೆ ಮಿಂಚದಿದ್ದರೆ

ಟ್ರಿಗರ್ ಮತ್ತು ಲೈಟು ಒಂದೇ ಚಾನೆಲ್ಲಿನಲ್ಲಿರಬೇಕು. ಇಷ್ಟು ಎಲ್ಲರಿಗೂ ಗೊತ್ತು. ಲೈಟುಗಳನ್ನು ಎ, ಬಿ ಎಂದು ವಿಂಗಡಿಸುವ ಗ್ರೂಪ್ ಮಾತ್ರ ಮರೆತುಹೋಗುತ್ತದೆ. ಲೈಟು ಎ ಗ್ರೂಪಿನಲ್ಲಿದ್ದು, ಟ್ರಿಗರಿನಲ್ಲಿ ಎ ಎದುರಿಗೆ ಬರೀ ಗೀಟುಗಳಿದ್ದರೆ ಆ ಗ್ರೂಪನ್ನು ಆಫ್ ಮಾಡಿದ್ದೀರಿ. ಚಾನೆಲ್ ಎಷ್ಟೇ ಬದಲಾಯಿಸಿದರೂ ಪ್ರಯೋಜನವಿಲ್ಲ. ಇದರ ಜೊತೆ ವೈರ್‌ಲೆಸ್ ಐಡಿ ಎಂಬುದೊಂದಿದ್ದರೆ ಅದೂ ಎರಡೂ ಕಡೆ ಒಂದೇ ಇರಬೇಕು, ಇಲ್ಲವೇ ಎರಡೂ ಕಡೆ ಆಫ್ ಆಗಿರಬೇಕು. ಲೈಟಿನಲ್ಲಿ ವೈರ್‌ಲೆಸ್ ರಿಸೀವರ್ ಒಳಗೇ ಇದೆಯೋ, ಪಕ್ಕಕ್ಕೆ ಸಿಕ್ಕಿಸುವ ಬೇರೆ ರಿಸೀವರ್ ಬೇಕೋ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಅಗ್ಗದ ಕಿಟ್ಟುಗಳಲ್ಲಿ ರಿಸೀವರ್ ಬೇರೆ ಪೊಟ್ಟಣದಲ್ಲಿ ಬಂದು ಡಬ್ಬದ ತಳದಲ್ಲೇ ಉಳಿದಿರುತ್ತದೆ. ಬ್ರ್ಯಾಂಡ್ ಬೇರೆಬೇರೆ ಆದರೆ, ಎರಡರ ಮೇಲೂ 2.4 ಗಿಗಾಹರ್ಟ್ಸ್ ಎಂದು ಬರೆದಿದ್ದರೂ ಒಂದರ ಮಾತು ಇನ್ನೊಂದಕ್ಕೆ ಸಾಮಾನ್ಯವಾಗಿ ಅರ್ಥವಾಗುವುದಿಲ್ಲ.

ಸಣ್ಣ ಕೋಣೆಯವರಿಗೆ ಮಾತ್ರ ಬರುವ ಒಂದು ಕಾಟವಿದೆ. ದೂರ ನಿಂತರೆ ಲೈಟು ಸರಿಯಾಗಿ ಹೊಡೆಯುತ್ತದೆ, ಹತ್ತಿರ ಬಂದರೆ ತಪ್ಪಿಸುತ್ತದೆ. ಕಿವಿಗೇ ಬಾಯಿಟ್ಟು ಕೂಗಿದರೆ ಮಾತು ಕೇಳಿಸದ ಹಾಗೆ, ನೂರು ಮೀಟರ್ ದೂರಕ್ಕೆಂದು ಜೋರಾಗಿ ಬಿಟ್ಟ ಸಿಗ್ನಲ್ಲು ಒಂದು ಮೀಟರಿನೊಳಗೆ ಗೊಂದಲವಾಗುತ್ತದೆ. ಗೋಡಾಕ್ಸ್‌ನ ಕೆಲವು ಟ್ರಿಗರ್‌ಗಳ ಮೆನುವಿನಲ್ಲಿ ದೂರದ ಆಯ್ಕೆಯೇ ಇದೆ: 1ರಿಂದ 100 ಮೀಟರ್, ಅಥವಾ 0ರಿಂದ 30 ಮೀಟರ್. ಮನೆಯ ಕೋಣೆಗೆ ಎರಡನೆಯದೇ ಸರಿ. ಮನೆಯ ವೈಫೈ ಕೂಡ ಇದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಓಡಾಡುವುದರಿಂದ, ಹತ್ತು ಕ್ಲಿಕ್ಕಿಗೆ ಒಂದೆರಡು ತಪ್ಪುತ್ತಿದ್ದರೆ ಬೇರೆ ಚಾನೆಲ್ ನೋಡಿ.

ಟ್ರಿಗರಿನ ಬ್ಯಾಟರಿಗೆ ಜಿಪುಣತನ ಮಾಡಬೇಡಿ. ಗೋಡೆ ಗಡಿಯಾರದಿಂದ ಕಿತ್ತ ಸೆಲ್ಲು ಡಿಸ್‌ಪ್ಲೇ ಉರಿಸುವಷ್ಟು ಮಾತ್ರ ಶಕ್ತಿ ಉಳಿಸಿಕೊಂಡಿರುತ್ತದೆ. ಹೊಸ ಆಲ್ಕಲೈನ್ ಸೆಲ್ಲಾದರೂ ಹಾಕಿ, ಚಾರ್ಜ್ ಮಾಡಿದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಾದರೂ ಹಾಕಿ.

ಷಟರ್ ಒತ್ತಿದಾಗ ಮಾತ್ರ ಮಿಂಚದಿದ್ದರೆ

ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ, ಹೆಚ್ಚು ದುಡ್ಡು ಕಳೆದುಕೊಳ್ಳುವುದೂ ಇಲ್ಲೇ.

ಟ್ರಿಗರ್ ಶೂ ಒಳಗೆ ಪೂರ್ತಿ ಹೋಗಿದೆಯೇ ನೋಡಿ. ಸೋನಿ ಕ್ಯಾಮೆರಾಗಳಲ್ಲಿ ಸಣ್ಣ ಸಣ್ಣ ಪಿನ್ನುಗಳು ಶೂನ ಮುಂದಿನ ಅಂಚಿನ ಕೆಳಗೆ ಅಡಗಿವೆ. ಒಂದೆರಡು ಮಿಲಿಮೀಟರ್ ಹಿಂದೆ ನಿಂತರೂ ಸಂಪರ್ಕ ಆಗುವುದಿಲ್ಲ. ಬಲ ಹಾಕದೆ ಕೊನೆ ಮುಟ್ಟುವವರೆಗೆ ತಳ್ಳಿ, ಆಮೇಲೆ ಬಿಗಿ ಮಾಡಿ. ಸೋನಿಗೆಂದು ಮಾಡಿದ ಟ್ರಿಗರ್ ಕ್ಯಾನನ್ನಿಗೆ ಆಗುವುದಿಲ್ಲ, ಶೂಗೆ ಕೂತಂತೆ ಕಂಡರೂ.

ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಇಟ್ಟುಕೊಂಡವರು ಈಗಲೇ ಹಾಟ್ ಶೂ ನಡುವೆ ನೋಡಿಕೊಳ್ಳಿ. ಬೇರೆ ಕ್ಯಾಮೆರಾಗಳಲ್ಲಿ ಅಲ್ಲೊಂದು ದೊಡ್ಡ ದುಂಡನೆಯ ಲೋಹದ ಚುಕ್ಕೆ ಇರುತ್ತದೆ. ಫ್ಲ್ಯಾಶಿಗೆ ‘ಹೊಡೆ’ ಎಂದು ಹೇಳುವುದು ಅದೇ. ಈ ಮೂರು ಮಾಡೆಲ್ಲುಗಳಲ್ಲಿ ಆ ಚುಕ್ಕೆಯನ್ನು ಕೊಟ್ಟೇ ಇಲ್ಲ. ಹಾಗಾಗಿ ನಡುವಿನ ಒಂದೇ ಪಿನ್ನನ್ನು ನಂಬಿದ ಅಗ್ಗದ ಮ್ಯಾನುಯಲ್ ಟ್ರಿಗರ್ ಇವುಗಳ ಮೇಲೆ ಎಂದೂ ಕೆಲಸ ಮಾಡುವುದಿಲ್ಲ. ಅಂಗಡಿಯವರು ಬದಲಾಯಿಸಿ ಇನ್ನೊಂದು ಅದೇ ಬಗೆಯದನ್ನು ಕೊಟ್ಟರೂ ಅಷ್ಟೇ. ಉಳಿದ ಸಣ್ಣ ಪಿನ್ನುಗಳ ಮೂಲಕ ಕ್ಯಾನನ್‌ನದೇ ಭಾಷೆಯಲ್ಲಿ ಮಾತಾಡುವ ಟ್ರಿಗರ್ ಬೇಕು. ಕೊಳ್ಳುವ ಮುನ್ನ ಅದರ ಹೊಂದಾಣಿಕೆ ಪಟ್ಟಿಯಲ್ಲಿ ನಿಮ್ಮ ಮಾಡೆಲ್ಲಿನ ಹೆಸರು ಕಣ್ಣಾರೆ ನೋಡಿ. ಅಲ್ಲಿಯವರೆಗೆ ಕ್ಯಾಮೆರಾದ ಪುಟ್ಟ ಫ್ಲ್ಯಾಶನ್ನೇ ಎಬ್ಬಿಸಿ, ಲೈಟನ್ನು ಎಸ್2 ಮೋಡಿಗೆ ಹಾಕಿ ಕೆಲಸ ಸಾಗಿಸಬಹುದು. ಪುಟ್ಟ ಫ್ಲ್ಯಾಶಿನ ಬೆಳಕು ನೇರ ಮುಖಕ್ಕೆ ಬೀಳದಂತೆ ಮುಂದೊಂದು ಬಿಳಿ ರಟ್ಟು ಓರೆಯಾಗಿ ಹಿಡಿದರಾಯಿತು.

ಎಸ್1, ಎಸ್2 ವ್ಯತ್ಯಾಸ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಮೆರಾದ ಫ್ಲ್ಯಾಶ್ ಆಟೋದಲ್ಲಿದ್ದಾಗ ಬೆಳಕು ಅಳೆಯಲು ಒಮ್ಮೆ ಸಣ್ಣದಾಗಿ ಮಿಂಚಿ, ಆಮೇಲೆ ಫೋಟೋಗಾಗಿ ಮತ್ತೆ ಮಿಂಚುತ್ತದೆ. ಕಣ್ಣಿಗೆ ಎರಡೂ ಒಂದೇ ಮಿಂಚಾಗಿ ಕಾಣುತ್ತವೆ. ಎಸ್1 ಮೊದಲ ಮಿಂಚಿಗೇ ಹೊಡೆದುಬಿಡುತ್ತದೆ, ಷಟರ್ ಇನ್ನೂ ತೆರೆದೇ ಇರುವುದಿಲ್ಲ. ಲೈಟು ಹೊಡೆದದ್ದು ನೀವು ನೋಡಿದ್ದೀರಿ, ಫೋಟೋದಲ್ಲಿ ಬೆಳಕಿಲ್ಲ ಎಂಬ ಭೂತಚೇಷ್ಟೆಗೆ ಇದೇ ಕಾರಣ. ಎಸ್2 ಮೊದಲ ಮಿಂಚನ್ನು ಬಿಟ್ಟು ಎರಡನೆಯದಕ್ಕೆ ಕಾಯುತ್ತದೆ. ಟ್ರಿಗರ್ ಬಳಸುವವರಿಗೆ ಎರಡೂ ಬೇಡ. ಸ್ಲೇವ್ ಆನ್ ಆಗಿದ್ದರೆ ಪಕ್ಕದಲ್ಲಿ ಯಾರು ಫ್ಲ್ಯಾಶ್ ಹೊಡೆದರೂ ನಿಮ್ಮ ಲೈಟು ತಾನೂ ಹೊಡೆಯುತ್ತದೆ.

ಕ್ಯಾಮೆರಾ ಮೆನುವಿನಲ್ಲಿ ಸೈಲೆಂಟ್ ಷಟರ್ ಅಥವಾ ಎಲೆಕ್ಟ್ರಾನಿಕ್ ಷಟರ್ ಆನ್ ಇದ್ದರೆ ಹಲವು ಕ್ಯಾಮೆರಾಗಳು ಫ್ಲ್ಯಾಶಿಗೆ ಸಂಜ್ಞೆಯನ್ನೇ ಕೊಡುವುದಿಲ್ಲ. ಮೆಕ್ಯಾನಿಕಲ್ ಷಟರಿಗೆ ಬನ್ನಿ. ಹಳೇ ಕ್ಯಾನನ್ ಡಿಎಸ್ಎಲ್ಆರ್‌ಗಳಲ್ಲಿ ವ್ಯೂಫೈಂಡರಿನಲ್ಲಿ ನೋಡಿ ತೆಗೆದರೆ ಲೈಟು ಹೊಡೆಯುತ್ತದೆ, ಪರದೆಯಲ್ಲಿ ಲೈವ್ ವ್ಯೂ ಹಾಕಿ ತೆಗೆದರೆ ಇಲ್ಲ ಎನ್ನುವುದೂ ಉಂಟು. ಅಲ್ಲಿ ಸೈಲೆಂಟ್ ಲೈವ್ ವ್ಯೂ ಶೂಟಿಂಗ್ ಎಂಬುದನ್ನು ಡಿಸೇಬಲ್ ಮಾಡಬೇಕು.

ಮಿಂಚುತ್ತದೆ, ಆದರೆ ಫೋಟೋ ಸರಿಯಿಲ್ಲ

ಚಿತ್ರದ ಕೆಳಗೆ ಕಪ್ಪು ಪಟ್ಟಿ ಬಂದಿದ್ದರೆ ಷಟರ್ ಸ್ಪೀಡ್ ಹೆಚ್ಚಾಗಿದೆ. ಕ್ಯಾಮೆರಾದೊಳಗೆ ಸೆನ್ಸರಿನ ಮುಂದೆ ಷಟರಿನ ಎರಡು ಪರದೆಗಳಿವೆ. ಮೊದಲನೆಯದು ಸರಿದು ಸೆನ್ಸರ್ ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಸ್ಪೀಡು ಹೆಚ್ಚಾದರೆ ಮೊದಲನೆಯದು ಪೂರ್ತಿ ಸರಿಯುವ ಮುಂಚೆಯೇ ಎರಡನೆಯದು ಹೊರಟುಬಿಟ್ಟಿರುತ್ತದೆ. ಫ್ಲ್ಯಾಶ್ ಹೊಡೆದ ಗಳಿಗೆಯಲ್ಲಿ ಪರದೆ ಮುಚ್ಚಿದ್ದಷ್ಟು ಭಾಗ ಕಪ್ಪು. ಅನೇಕ ಕ್ಯಾಮೆರಾಗಳಿಗೆ ಈ ಮಿತಿ ಸೆಕೆಂಡಿನ 1/200, ಕೆಲವಕ್ಕೆ 1/250. ಅಗ್ಗದ ಟ್ರಿಗರ್‌ಗಳು ಸಂಜ್ಞೆ ತಲುಪಿಸುವಲ್ಲಿ ತುಸು ತಡ ಮಾಡುವುದರಿಂದ 1/160ರಲ್ಲೋ 1/125ರಲ್ಲೋ ನಿಲ್ಲಿಸುವುದು ಕ್ಷೇಮ. ಒಂದೇ ಪಿನ್ನಿನ ಟ್ರಿಗರ್ ಹಾಕಿದಾಗ ತಲೆಯ ಮೇಲೆ ಫ್ಲ್ಯಾಶ್ ಸಂಬಂಧದ ವಸ್ತು ಇದೆ ಎಂಬುದೇ ಕ್ಯಾಮೆರಾಕ್ಕೆ ತಿಳಿಯದು. ಹೀಗಾಗಿ 1/1000 ಇಟ್ಟರೂ ಅದು ನಿಮ್ಮನ್ನು ತಡೆಯುವುದಿಲ್ಲ.

ಮಿರರ್‌ಲೆಸ್ ಕ್ಯಾಮೆರಾದ ಡಿಸ್‌ಪ್ಲೇ ಕಗ್ಗತ್ತಲಾಗಿ, ತೆಗೆದ ಫೋಟೋ ಮಾತ್ರ ಸರಿ ಇದ್ದರೆ ಅದು ದೋಷವೇ ಅಲ್ಲ. 1/125 ಷಟರ್ ಸ್ಪೀಡ್, ಎಫ್ 8 (ಲೆನ್ಸಿನ ಕಿಂಡಿಯ ಅಳತೆ), ಐಎಸ್ಒ 100 (ಸೆನ್ಸರಿನ ಸೂಕ್ಷ್ಮತೆ) ಇಟ್ಟಾಗ ಕೋಣೆಯ ಟ್ಯೂಬ್‌ಲೈಟು ಯಾವ ಲೆಕ್ಕಕ್ಕೂ ಇಲ್ಲವೆಂದು ಕ್ಯಾಮೆರಾ ಪ್ರಾಮಾಣಿಕವಾಗಿ ತೋರಿಸುತ್ತಿದೆ, ಅಷ್ಟೆ. ಸೋನಿಯಲ್ಲಿ ಸೆಟ್ಟಿಂಗ್ ಎಫೆಕ್ಟ್ ಆಫ್ ಮಾಡಿ, ಕ್ಯಾನನ್ನಿನಲ್ಲಿ ಎಕ್ಸ್‌ಪೋಷರ್ ಸಿಮ್ಯುಲೇಷನ್ ಡಿಸೇಬಲ್ ಮಾಡಿ.

ಒಂದು ಫೋಟೋ ಬೆಳ್ಳಗೆ, ಮುಂದಿನದು ಕಪ್ಪಗೆ ಬರುತ್ತಿದ್ದರೆ ಮೋಡು ನೋಡಿ. ಎಂ, ಅಂದರೆ ಮ್ಯಾನುಯಲ್, ಮೋಡಿನಲ್ಲಿದ್ದೂ ಐಎಸ್ಒ ಆಟೋದಲ್ಲಿ ಉಳಿದಿದ್ದರೆ ಕ್ಯಾಮೆರಾ ತನಗೆ ತೋಚಿದಂತೆ ಏರಿಳಿಸುತ್ತದೆ. ಅದು ಸರಿ ಇದ್ದರೆ ನಿಮ್ಮ ಬೆರಳೇ ಅವಸರ ಮಾಡುತ್ತಿದೆ. ರೆಡಿ ಬೀಪ್ ಬರುವ ಮೊದಲೇ ಒತ್ತಿದರೆ ಲೈಟು ಅರೆ ಚಾರ್ಜಿನಲ್ಲೇ ಹೊಡೆಯುತ್ತದೆ, ಇಲ್ಲವೇ ಹೊಡೆಯುವುದೇ ಇಲ್ಲ. ಪವರ್ ಇಳಿಸಿದ ಮರುಕ್ಷಣದ ಮೊದಲ ಫೋಟೋ ಮಾತ್ರ ವಿಪರೀತ ಬೆಳ್ಳಗಾದರೆ, ಒಳಗೆ ಚಾರ್ಜು ಕೂಡಿಡುವ ಕೆಪಾಸಿಟರಿನಲ್ಲಿ ಹಳೇ ಚಾರ್ಜು ಇನ್ನೂ ಉಳಿದಿದೆ. ಕೆಲವು ಲೈಟುಗಳು ಅದನ್ನು ತಾವೇ ಖಾಲಿ ಮಾಡಿಕೊಳ್ಳುತ್ತವೆ, ಮಿಕ್ಕವಕ್ಕೆ ಪವರ್ ಇಳಿಸಿದ ಮೇಲೆ ಒಮ್ಮೆ ಟೆಸ್ಟ್ ಬಟನ್ ಒತ್ತಬೇಕು.

ಪವರ್ ಕನಿಷ್ಠಕ್ಕೆ ತಂದರೂ ಬೆಳಕು ಅತಿಯಾಗುವುದು ಸಣ್ಣ ಕೋಣೆಯ ಮಾಮೂಲಿ ಗೋಳು. 400 ವ್ಯಾಟ್-ಸೆಕೆಂಡಿನ ಲೈಟು 1/16ಕ್ಕಿಂತ ಕೆಳಗೆ ಇಳಿಯದಿದ್ದರೆ ಎಫ್ 2.8ರಲ್ಲಿ ಮುಖ ಸುಣ್ಣ ಬಳಿದಂತಾಗುತ್ತದೆ. ಷಟರ್ ಸ್ಪೀಡ್ ತಿರುಗಿಸಿ ಉಪಯೋಗವಿಲ್ಲ, ಫ್ಲ್ಯಾಶಿನ ಬೆಳಕು ಅದಕ್ಕೆ ಬಗ್ಗದು. ಎಫ್ 8ಕ್ಕೆ ಬನ್ನಿ, ಸಾಫ್ಟ್‌ಬಾಕ್ಸಿನ ಒಳಪದರದ ಬಟ್ಟೆಯನ್ನೂ ಹಾಕಿ, ಜಾಗವಿದ್ದರೆ ಲೈಟನ್ನು ಹಿಂದಕ್ಕೆ ತಳ್ಳಿ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೊಳ್ಳುವವರಿಗೆ ನನ್ನ ಮಾತು: ಮನೆಯ ಕೋಣೆಗೆ ದೊಡ್ಡ ವ್ಯಾಟಿನ ಲೈಟಿಗಿಂತ, ಕೆಳಗೆ ಹೆಚ್ಚು ಇಳಿಯುವ ಲೈಟು ಲೇಸು.

ಬಣ್ಣ ಕೆಟ್ಟಿದ್ದರೆ ಟ್ರಿಗರ್ ಆಫ್ ಮಾಡಿ ಅದೇ ಸೆಟ್ಟಿಂಗಿನಲ್ಲಿ ಒಂದು ಫೋಟೋ ತೆಗೆಯಿರಿ. ಪೂರ್ತಿ ಕಪ್ಪು ಬರಬೇಕು. ಏನಾದರೂ ಕಂಡರೆ ಕೋಣೆಯ ಬಲ್ಬೋ ಕಿಟಕಿಯ ಬಿಸಿಲೋ ಒಳನುಸುಳಿದೆ. ಕಪ್ಪಾಗಿಯೇ ಬಂದರೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಫ್ಲ್ಯಾಶಿಗೆ, ಅಥವಾ ನೇರವಾಗಿ 5600 ಕೆಲ್ವಿನ್‌ಗೆ ಇಡಿ. ಇಷ್ಟಾದ ಮೇಲೂ ಕೆನ್ನೆಯ ಒಂದೇ ಬದಿ ಹಸಿರಾಗಿ ಕಾಣುತ್ತಿದ್ದರೆ ತಪ್ಪು ಗೋಡೆಯ ಬಣ್ಣದ್ದು. ಸಣ್ಣ ಕೋಣೆಯಲ್ಲಿ ಗೋಡೆ ಎರಡನೇ ಲೈಟಿನಂತೆಯೇ ಬೆಳಕು ಚೆಲ್ಲುತ್ತದೆ. ಆ ಕಡೆಗೊಂದು ಕಪ್ಪು ಬಟ್ಟೆ ಇಳಿಬಿಟ್ಟರೆ ಸಾಕು, ಬಿಳಿ ಬಟ್ಟೆ ಹಾಕಿದರೆ ನೆರಳು ಮೃದುವಾಗುವ ಲಾಭವೂ ಇದೆ. ಹಸಿರು ಅಂಚಿನ ಬಿಳಿ ಸೀರೆಯಂಥದ್ದನ್ನು ತೆಗೆಯುವಾಗ ಇದನ್ನು ಬಿಡಲೇಬೇಡಿ, ಬಟ್ಟೆ ಕೊಂಡವರು ಬಣ್ಣ ಬೇರೆ ಎಂದು ವಾಪಸು ಕಳಿಸುತ್ತಾರೆ.

ಫ್ಲ್ಯಾಶ್ ಬದಲು ಎಲ್ಇಡಿ ಲೈಟು ತಂದವರಿಗೆ ಚಿತ್ರದಲ್ಲಿ ಅಡ್ಡಗೆರೆಗಳು ಕಂಡರೆ ಷಟರನ್ನು 1/50 ಅಥವಾ 1/100ಕ್ಕೆ ತಂದು ನೋಡಿ. ನಮ್ಮ ಕರೆಂಟು 50 ಹರ್ಟ್ಸಿನದು, ಅಗ್ಗದ ಎಲ್ಇಡಿ ಅದರ ಲಯಕ್ಕೆ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಗೆರೆ ಮಾಯವಾದರೆ ಕ್ಯಾಮೆರಾ ನಿರಪರಾಧಿ.

ಬಿಚ್ಚಬಾರದ್ದು

ಲೈಟಿನ ಮೈ ಬಿಚ್ಚುವ ಸ್ಕ್ರೂಗಳಿಗೆ ಕೈ ಹಾಕಬೇಡಿ. ಒಳಗಿನ ಕೆಪಾಸಿಟರ್‌ಗಳು 300 ವೋಲ್ಟಿನ ಆಸುಪಾಸಿನ ಚಾರ್ಜನ್ನು ಹಿಡಿದಿಟ್ಟುಕೊಂಡಿರುತ್ತವೆ. ಪ್ಲಗ್ಗು ಕಿತ್ತ ಮೇಲೂ ಅದು ಬಹಳ ಹೊತ್ತು ಇಳಿಯದೇ ಇರಬಹುದು. ಟಿವಿ, ಮಿಕ್ಸಿ ರಿಪೇರಿ ಗೊತ್ತಿದೆ ಎಂಬ ಧೈರ್ಯ ಇಲ್ಲಿ ಸಾಲದು.

ಸರ್ವಿಸಿಗೆ ಕೊಡುವಾಗ ‘ಲೈಟು ಕೆಟ್ಟಿದೆ’ ಎಂದಷ್ಟೇ ಹೇಳಿದರೆ ಅವರು ಮೊದಲಿನಿಂದ ಹುಡುಕಬೇಕಾಗುತ್ತದೆ. ‘ಲೈಟಿನ ಟೆಸ್ಟ್ ಬಟನ್ನಿಗೆ ಹೊಡೆಯುತ್ತದೆ, ಟ್ರಿಗರಿಗೆ ಇಲ್ಲ, ಬೇರೆ ಟ್ರಿಗರ್ ಹಾಕಿದರೂ ಇಲ್ಲ’ ಎಂದು ಚೀಟಿ ಬರೆದು ಲೈಟಿಗೇ ಅಂಟಿಸಿ. ಕೊರಿಯರಿನಲ್ಲಿ ಕಳಿಸುವುದಾದರೆ ಮಾಡಲಿಂಗ್ ಬಲ್ಬು ಬಿಚ್ಚಿ ಬೇರೆ ಸುತ್ತಿ, ಟ್ಯೂಬಿಗೆ ಆ ಕಪ್ಪು ಟೋಪಿ ಹಾಕಿ, ಮೂಲ ಥರ್ಮಾಕೋಲಿನಲ್ಲೇ ಪ್ಯಾಕ್ ಮಾಡಿ. ಬಿಲ್ಲಿನ ಒಂದು ಪ್ರತಿ ಒಳಗಿಡಿ, ಅಸಲು ನಿಮ್ಮ ಹತ್ತಿರವೇ ಇರಲಿ.